ಬೋಯರ್ ಯುದ್ಧ: ಇಬ್ಬರ ಜಗಳ, ಮೂರನೆಯವರ ನೆಲ

ಸಭಿಕರೇ, 1901–02ರ ಸುಮಾರಿಗೆ, ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿಯಲ್ಲಿ ಇಂಗ್ಲಿಷರು ಬಿಳಿಯ ಮೈಬಣ್ಣದ, ಬೈಬಲನ್ನು ಡಚ್ ಭಾಷೆಯಲ್ಲಿ ಓದುವ ಯುದ್ಧಕೈದಿಗಳನ್ನು ಸೆರೆಯಲ್ಲಿಟ್ಟಿದ್ದರು ಎಂದರೆ ಇಂದಿನ ಬಳ್ಳಾರಿಯವರಲ್ಲಿಯೂ ಹಲವರು ಅಚ್ಚರಿಪಟ್ಟಾರು. ಅವರು ದಕ್ಷಿಣ ಆಫ್ರಿಕಾದ ಬೋಯರರು. ಅಹಮದ್‌ನಗರ, ತಿರುಚಿರಾಪಳ್ಳಿ, ಅಂಬಾಲಾ, ಸಿಯಾಲ್‌ಕೋಟೆ ಮೊದಲಾದ ಕಡೆಗಳಲ್ಲಿಯೂ ಅವರಿಗಾಗಿ ಶಿಬಿರಗಳಿದ್ದವು. ಸೆರೆಸಿಕ್ಕವರನ್ನು ಊರಿನ ಹತ್ತಿರ ಇಟ್ಟರೆ ತಪ್ಪಿಸಿಕೊಂಡು ಮತ್ತೆ ಕುದುರೆ ಏರುತ್ತಾರೆಂಬ ಭಯದಿಂದ ಬ್ರಿಟಿಷ್ ಸೇನೆ ಅವರನ್ನು ಸೇಂಟ್ ಹೆಲೆನಾ, ಸಿಂಹಳ, ಬರ್ಮುಡಾ ಮತ್ತು ಭಾರತಕ್ಕೆ ಹಡಗುಗಳಲ್ಲಿ ಸಾಗಿಸಿತ್ತು. ಭಾರತಕ್ಕೆ ಬಂದವರೇ ಸುಮಾರು 9,000 ಮಂದಿ. 1899ರಿಂದ 1902ರವರೆಗೆ ಬ್ರಿಟಿಷರಿಗೂ ಬೋಯರರಿಗೂ ನಡೆದ ಈ ಯುದ್ಧ ನಮಗೆ ತೀರ ಪರಕೀಯವಾದದ್ದಲ್ಲ ಎಂದು ಹೇಳುವುದಕ್ಕಷ್ಟೇ ಬಳ್ಳಾರಿಯ ಹೆಸರನ್ನು ಎತ್ತಿದ್ದೇನೆ. ಇಂದು ನಾನು ವಿವರಿಸಬೇಕೆಂದಿರುವ ಸಂಗತಿ ನಡೆದದ್ದು ದಕ್ಷಿಣ ಆಫ್ರಿಕಾದಲ್ಲಿ.

ಈ ಯುದ್ಧವನ್ನು ಹೇಳುವ ಎರಡು ಸಿದ್ಧ ಕಥನಗಳಿವೆ. ಪುಟ್ಟ ಗಣರಾಜ್ಯಗಳೆರಡು ಜಗತ್ತಿನ ಅತಿ ದೊಡ್ಡ ಸಾಮ್ರಾಜ್ಯಕ್ಕೆ ಎದೆಯೊಡ್ಡಿದ ವೀರಗಾಥೆ ಒಂದು. ಹಿಂದುಳಿದ ಹಳ್ಳಿಗರ ಆಳ್ವಿಕೆಯಿಂದ ನೊಂದವರನ್ನು ಸಾಮ್ರಾಜ್ಯವು ಬಿಡಿಸಿದ ಕಥೆ ಇನ್ನೊಂದು. ಎರಡರಲ್ಲಿಯೂ ಪಾತ್ರಧಾರಿಗಳು ಇಬ್ಬರೇ, ಇಬ್ಬರೂ ಬಿಳಿಯರು. ಯಾರ ನೆಲದ ಮೇಲೆ ಈ ಜಗಳ ನಡೆಯಿತೋ ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಈ ಯುದ್ಧದ ಕಾರಣವಾಗಲಿ, ಅದು ಮುಗಿದ ಬಗೆಯಾಗಲಿ ಅರ್ಥವಾಗುವುದಿಲ್ಲ ಎಂಬುದು ನನ್ನ ವಾದ.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. 1652ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯು ಏಷ್ಯಾಕ್ಕೆ ಹೋಗಿಬರುವ ತನ್ನ ಹಡಗುಗಳಿಗೆ ನೀರು, ಮಾಂಸ, ತರಕಾರಿ ಒದಗಿಸಲೆಂದು ಆಫ್ರಿಕಾದ ದಕ್ಷಿಣ ತುದಿಯ ಕೇಪಿನಲ್ಲಿ ಒಂದು ತಂಗುದಾಣ ಮಾಡಿತು. ಅಲ್ಲಿ ನೆಲೆನಿಂತ ಡಚ್ಚರು, ಜರ್ಮನರು ಮತ್ತು ಫ್ರಾನ್ಸಿನಿಂದ ಓಡಿಬಂದ ಪ್ರೊಟೆಸ್ಟೆಂಟರು ಕಾಲಕ್ರಮದಲ್ಲಿ ಬೋಯರರೆಂಬ ಒಂದೇ ಜನಾಂಗವಾಗಿ, ಸ್ಥಳೀಯ ಖೊಯ್‌ಖೊಯ್ ಜನರ ಹುಲ್ಲುಗಾವಲುಗಳನ್ನು ಕಿತ್ತುಕೊಂಡು, ಗುಲಾಮರ ದುಡಿಮೆಯ ಮೇಲೆ ಬೇಸಾಯ ಮಾಡುತ್ತ ಒಳನಾಡಿಗೆ ಹರಡಿದರು. ಬ್ರಿಟನ್ ಮೊದಲು 1795ರಲ್ಲಿ, ಮತ್ತೆ 1806ರಲ್ಲಿ ಕೇಪನ್ನು ವಶಪಡಿಸಿಕೊಂಡಿತು. ಇಂಗ್ಲಿಷರ ಕಾನೂನು, ಇಂಗ್ಲಿಷ್ ಭಾಷೆಯ ಕಚೇರಿಗಳು, ಕೊನೆಗೆ 1834ರಲ್ಲಿ ಗುಲಾಮಗಿರಿಯ ರದ್ದತಿ, ಇವುಗಳನ್ನು ಸಹಿಸಲಾರದ ಸಾವಿರಾರು ಬೋಯರ್ ಕುಟುಂಬಗಳು ಎತ್ತಿನ ಗಾಡಿಗಳನ್ನು ಹೂಡಿಕೊಂಡು ಉತ್ತರಕ್ಕೆ ಹೊರಟವು. ಹೀಗೆ ಹೊರಟವರು ಜುಲು, ಎನ್‌ಡೆಬೆಲೆ, ಸೋಥೊ ಮುಂತಾದ ಜನರೊಡನೆ ಕಾದಾಡಿ ಕಟ್ಟಿದ ರಾಜ್ಯಗಳೇ ಟ್ರಾನ್ಸ್‌ವಾಲ್ ಮತ್ತು ಆರೆಂಜ್ ಫ್ರೀ ಸ್ಟೇಟ್. 1852 ಮತ್ತು 1854ರ ಒಪ್ಪಂದಗಳಲ್ಲಿ ಬ್ರಿಟನ್ ಇವುಗಳ ಸ್ವಾತಂತ್ರ್ಯವನ್ನು ಮಾನ್ಯಮಾಡಿತು. ಆಗ ಅಲ್ಲಿ ಹುಲ್ಲು ಮತ್ತು ದನಗಳನ್ನು ಬಿಟ್ಟರೆ ಸಾಮ್ರಾಜ್ಯಕ್ಕೆ ಬೇಕಾದದ್ದೇನೂ ಇರಲಿಲ್ಲ.

ಹೀಗೆ ಬೋಯರರು ಒಂದೇ ಕಾಲಕ್ಕೆ ನೆಲ ಕಸಿದುಕೊಂಡವರೂ ಹೌದು, ಮುಂದೆ ನೆಲ ಕಳೆದುಕೊಂಡವರೂ ಹೌದು. ಅವರನ್ನು ಯಾವುದಾದರೂ ಒಂದು ಖಾನೆಯಲ್ಲಿ ಕೂರಿಸಲು ಹೊರಟರೆ ಚರಿತ್ರೆ ಮಾತು ಕೇಳುವುದಿಲ್ಲ.

ಕಿಂಬರ್ಲಿಯಲ್ಲಿ ವಜ್ರ ಸಿಕ್ಕ ಮೇಲೆ ಲಂಡನ್ನಿನ ಆಸಕ್ತಿ ಚಿಗುರಿತು. 1877ರಲ್ಲಿ ಬ್ರಿಟನ್ ಟ್ರಾನ್ಸ್‌ವಾಲನ್ನು ಸೇರಿಸಿಕೊಂಡಿತು. 1880ರ ಕೊನೆಯಲ್ಲಿ ಬೋಯರರು ದಂಗೆಯೆದ್ದು, 1881ರ ಫೆಬ್ರವರಿ 27ರಂದು ಮಜೂಬಾ ಬೆಟ್ಟದ ಮೇಲೆ ಜನರಲ್ ಕಾಲಿಯನ್ನು ಕೊಂದು, ಅವನ ಸೈನ್ಯವನ್ನು ದಿಕ್ಕಾಪಾಲು ಮಾಡಿ, ತಮ್ಮ ಸ್ವಾತಂತ್ರ್ಯದ ಬಹುಪಾಲನ್ನು ಮರಳಿ ಪಡೆದರು. ಇದು ಮೊದಲನೆಯ ಬೋಯರ್ ಯುದ್ಧ. ಆ ಸೋಲು ಬ್ರಿಟಿಷ್ ಸೇನಾಧಿಕಾರಿಗಳ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. ಆದರೆ ಮುಂದಿನ ದೊಡ್ಡ ಯುದ್ಧವನ್ನು ತಂದದ್ದು ಆ ಮುಳ್ಳಲ್ಲ, ಚಿನ್ನ.

1886ರಲ್ಲಿ ಟ್ರಾನ್ಸ್‌ವಾಲಿನ ವಿಟ್‌ವಾಟರ್ಸ್‌ರಾಂಡಿನಲ್ಲಿ ಚಿನ್ನದ ಅದಿರು ಪತ್ತೆಯಾಯಿತು. ಹತ್ತೇ ವರ್ಷಗಳಲ್ಲಿ ಬಯಲಿನ ನಡುವೆ ಜೋಹಾನ್ಸ್‌ಬರ್ಗ್ ಎಂಬ ನಗರ ಎದ್ದಿತು. ಶತಮಾನದ ಕೊನೆಗೆ ಜಗತ್ತಿನ ಚಿನ್ನದಲ್ಲಿ ಸುಮಾರು ಕಾಲುಭಾಗ ಅಲ್ಲಿಂದಲೇ ಬರುತ್ತಿತ್ತು. ನಮ್ಮ ಕೋಲಾರದ ಗಣಿಗಳ ಬಗ್ಗೆ ಬಲ್ಲವರಿಗೆ ಚಿನ್ನದ ಗಣಿಗಾರಿಕೆಯ ಅರ್ಥಶಾಸ್ತ್ರವನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ವಿಟ್‌ವಾಟರ್ಸ್‌ರಾಂಡಿನ ಅದಿರಿನಲ್ಲಿ ಚಿನ್ನದ ಅಂಶ ಕಡಿಮೆ, ಅದು ಆಳಕ್ಕೆ ಇಳಿಯುತ್ತಿತ್ತು. ಚಿನ್ನದ ಬೆಲೆಯಂತೂ ಜಗತ್ತಿನಾದ್ಯಂತ ಸ್ಥಿರವಾಗಿತ್ತು. ಲಾಭ ಹೆಚ್ಚಬೇಕಾದರೆ ಖರ್ಚು ಇಳಿಯಬೇಕು, ಅಂದರೆ ಕೂಲಿ ಇಳಿಯಬೇಕು. 1899ರ ಹೊತ್ತಿಗೆ ಅಲ್ಲಿ ದುಡಿಯುತ್ತಿದ್ದ ಕಪ್ಪು ಕಾರ್ಮಿಕರು ಸುಮಾರು ಒಂದು ಲಕ್ಷ. ಟ್ರಾನ್ಸ್‌ವಾಲಿನ ಅಧ್ಯಕ್ಷ ಪಾಲ್ ಕ್ರೂಗರನ ಸರ್ಕಾರದ ಮೇಲೆ ಗಣಿ ಮಾಲೀಕರ ದೂರುಗಳಲ್ಲಿ ಡೈನಮೈಟಿನ ಏಕಸ್ವಾಮ್ಯ, ರೈಲು ದರಗಳು ಇದ್ದಂತೆಯೇ, ಅಗ್ಗದ ಕಪ್ಪು ಕೂಲಿಯನ್ನು ಸಾಕಷ್ಟು ಒದಗಿಸಿ ಅದನ್ನು ಹದ್ದಿನಲ್ಲಿಡಲು ಈ ಸರ್ಕಾರಕ್ಕೆ ಕೈಲಾಗುತ್ತಿಲ್ಲ ಎಂಬ ದೂರೂ ಇತ್ತು.

ಹೊರಗೆ ಆಡಿದ ಮಾತು ಬೇರೆ. ಚಿನ್ನಕ್ಕಾಗಿ ಬಂದು ನೆಲೆಸಿದ ಹೊರನಾಡ ಬಿಳಿಯರಿಗೆ ಮತಾಧಿಕಾರ ಬೇಕು ಎಂಬುದು ಬಹಿರಂಗದ ಬೇಡಿಕೆ. ಅವರಿಗೆ ಪೂರ್ಣ ಮತಾಧಿಕಾರ ಸಿಗಬೇಕಾದರೆ 14 ವರ್ಷ ನೆಲೆಸಿರಬೇಕೆಂದು ಕ್ರೂಗರನ ಸರ್ಕಾರ ಕಾನೂನು ಮಾಡಿತ್ತು. ಅವರೆಲ್ಲರಿಗೂ ಮತ ಕೊಟ್ಟರೆ ಬೋಯರರು ತಮ್ಮ ದೇಶದಲ್ಲಿಯೇ ಅಲ್ಪಸಂಖ್ಯಾತರಾಗುತ್ತಾರೆಂಬ ಅಂಜಿಕೆ ಅವನದು. 1895ರ ಡಿಸೆಂಬರ್ ಕೊನೆಯಲ್ಲಿ ಕೇಪಿನ ಪ್ರಧಾನಿ ಸೆಸಿಲ್ ರೋಡ್ಸ್‌ನ ಕುಮ್ಮಕ್ಕಿನಿಂದ ಡಾಕ್ಟರ್ ಜೇಮ್ಸನ್ ಎಂಬವನು ಕೆಲವು ನೂರು ಸವಾರರೊಡನೆ ಟ್ರಾನ್ಸ್‌ವಾಲಿಗೆ ನುಗ್ಗಿ, ಕೆಲವೇ ದಿನಗಳಲ್ಲಿ ಸೆರೆಸಿಕ್ಕಿದ. ರೋಡ್ಸ್ ಪದವಿ ಬಿಡಬೇಕಾಯಿತು. 1899ರ ಮೇ ಕೊನೆಯಲ್ಲಿ ಬ್ಲೂಮ್‌ಫಾಂಟೇನಿನಲ್ಲಿ ಬ್ರಿಟಿಷ್ ಹೈಕಮಿಷನರ್ ಆಲ್ಫ್ರೆಡ್ ಮಿಲ್ನರ್ ಐದು ವರ್ಷಗಳ ವಾಸಕ್ಕೆ ಮತಾಧಿಕಾರ ಕೇಳಿದ. ಕ್ರೂಗರ್ ಏಳು ವರ್ಷಕ್ಕೆ ಇಳಿದು ಬಂದ. ಎರಡು ವರ್ಷದ ಅಂತರಕ್ಕಾಗಿ ಯಾರೂ ಯುದ್ಧ ಮಾಡುವುದಿಲ್ಲ. ಮಿಲ್ನರನಿಗೆ ಒಪ್ಪಂದವೇ ಬೇಕಿರಲಿಲ್ಲ ಎಂದು ತೀರ್ಮಾನಿಸಲು ಅವನ ನಡತೆಯೇ ಸಾಕು. ಮತ್ತೊಂದನ್ನೂ ಇಲ್ಲಿಯೇ ಗಮನಿಸಬೇಕು: ಆ ಮೇಜಿನ ಎರಡೂ ಬದಿಯಲ್ಲಿ ಬಿಳಿಯರ ಮತದ ಬಗ್ಗೆ ಲೆಕ್ಕ ನಡೆಯಿತು, ದೇಶದ ಬಹುಸಂಖ್ಯಾತರ ಮತ ಚೌಕಾಸಿಯ ವಸ್ತುವೂ ಆಗಲಿಲ್ಲ.

ಯುದ್ಧ 1899ರ ಅಕ್ಟೋಬರ್ 11ರಂದು ಶುರುವಾಯಿತು. ಬೋಯರರು ಮೊದಲು ಏಟು ಹಾಕಿ ಲೇಡಿಸ್ಮಿತ್, ಕಿಂಬರ್ಲಿ, ಮಾಫೆಕಿಂಗ್ ಪಟ್ಟಣಗಳಿಗೆ ಮುತ್ತಿಗೆ ಹಾಕಿದರು. ಡಿಸೆಂಬರಿನ ಒಂದೇ ವಾರದಲ್ಲಿ ಸ್ಟಾರ್ಮ್‌ಬರ್ಗ್, ಮಾಗರ್ಸ್‌ಫಾಂಟೇನ್, ಕೊಲೆನ್ಸೊ ಈ ಮೂರೂ ಕಡೆ ಬ್ರಿಟಿಷರು ಸೋತರು. ಕಂದಕದಲ್ಲಿ ಅಡಗಿ, ಹೊಗೆಯಿಲ್ಲದ ಮದ್ದಿನ ಮೌಸರ್ ಬಂದೂಕಿನಿಂದ ಗುರಿಯಿಡುವ ರೈತನ ಎದುರು ಸಾಲುಗಟ್ಟಿ ನಡೆಯುವ ಹಳೆಯ ಪದ್ಧತಿ ನಡೆಯದೆಂದು ಗೊತ್ತಾಗಲು ಸಾವಿರಾರು ಜೀವಗಳು ಬೇಕಾದವು. ಆಮೇಲೆ ಬಂದವರು ಲಾರ್ಡ್ ರಾಬರ್ಟ್ಸ್ ಮತ್ತು ಕಿಚನರ್. ಲೇಡಿಸ್ಮಿತ್‌ನಲ್ಲಿ ಸಿಕ್ಕಿಬಿದ್ದಿದ್ದ ಜಾರ್ಜ್ ವೈಟ್ ಮತ್ತು ರಾಬರ್ಟ್ಸ್ ಇಬ್ಬರೂ ಹಿಂದೆ ಭಾರತದ ಸೇನಾಧಿಪತಿಗಳಾಗಿದ್ದವರು, ಕಿಚನರ್ ಮುಂದೆ ಆ ಸ್ಥಾನಕ್ಕೆ ಬಂದವನು. ಬೆಂಗಳೂರಿನ ದಂಡಿನಲ್ಲಿ ರಿಸಾಲೆಯ ಅಧಿಕಾರಿಯಾಗಿದ್ದು, ಪತ್ರಕರ್ತನಾಗಿ ಅಲ್ಲಿಗೆ ಹೋಗಿ, ಸೆರೆಸಿಕ್ಕು, ಪ್ರಿಟೋರಿಯಾದಿಂದ ತಪ್ಪಿಸಿಕೊಂಡು ಹೆಸರು ಮಾಡಿದ ವಿನ್‌ಸ್ಟನ್ ಚರ್ಚಿಲನ ಕಥೆ ಎಲ್ಲರಿಗೂ ತಿಳಿದದ್ದೇ. ಅವನ ಬಗ್ಗೆ ಅವನೇ ಬೇಕಾದಷ್ಟು ಬರೆದುಕೊಂಡಿರುವುದರಿಂದ ನಾನು ಬಿಟ್ಟುಬಿಡುತ್ತೇನೆ. 1900ರ ಫೆಬ್ರವರಿ 27ರಂದು, ಮಜೂಬಾದ ದಿನವೇ, ಪಾರ್ಡ್‌ಬರ್ಗಿನಲ್ಲಿ ಬೋಯರ್ ಜನರಲ್ ಕ್ರೋನ್ಯೆ ಸುಮಾರು 4,000 ಜನರೊಡನೆ ಶರಣಾದ. ಜೂನ್ 5ರಂದು ಟ್ರಾನ್ಸ್‌ವಾಲಿನ ರಾಜಧಾನಿ ಪ್ರಿಟೋರಿಯಾ ಬಿದ್ದಿತು. ಮುದುಕ ಕ್ರೂಗರ್ ಯುರೋಪಿಗೆ ಹೊರಟುಹೋದ.

ಎರಡೂ ಪಕ್ಷದವರು ಇದನ್ನು ‘ಬಿಳಿಯರ ಯುದ್ಧ’ ಎಂದು ಸಾರಿದ್ದರು. ಈ ಕಾರಣಕ್ಕೇ ಭಾರತೀಯ ಪಡೆಗಳನ್ನು ಕಾದಾಡಲು ಕಳುಹಿಸಲಿಲ್ಲ. ಆದರೆ ಆರಂಭದ ಆಪತ್ತಿನಲ್ಲಿ ಬ್ರಿಟಿಷ್ ವಸಾಹತಾದ ನಾಟಾಲಿಗೆ ಧಾವಿಸಿದ ಬಿಳಿಯ ಪಲ್ಟಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾರತದಿಂದಲೇ ಹೋದವು. ಅವುಗಳ ಹಿಂದೆ ಭಿಸ್ತಿಗಳು, ಡೋಲಿ ಹೊರುವವರು, ಕುದುರೆ ನೋಡಿಕೊಳ್ಳುವ ಸಾಯಿಸರು, ಲಾಳ ಹೊಡೆಯುವವರು, ಅಗಸರು ಸಾವಿರಗಟ್ಟಲೆ ಹೋದರು. ಜೋಹಾನ್ಸ್‌ಬರ್ಗಿನ ಅಬ್ಸರ್ವೇಟರಿ ದಿಬ್ಬದ ಮೇಲೆ ಇಂದಿಗೂ ಒಂದು ಕಲ್ಲಿನ ಸ್ಮಾರಕವಿದೆ. ಅಲ್ಲಿ ಸತ್ತ ಭಾರತೀಯ ಸೇನೆಯವರನ್ನು ನೆನೆಯುವ ಆ ಶಾಸನದಲ್ಲಿ ಅಧಿಕಾರಿಗಳ ಸಾಲಿನ ಕೊನೆಗೆ ‘ನಾಲಬಂದರು’ (ಲಾಳ ಹೊಡೆಯುವವರು) ಮತ್ತು ‘ಹಿಂಬಾಲಕರು’ ಎಂಬ ಮಾತುಗಳನ್ನೂ ಕೆತ್ತಿದ್ದಾರೆ.

ನಾಟಾಲಿನಲ್ಲಿ 1860ರಿಂದಲೂ ಕಬ್ಬಿನ ತೋಟಗಳಿಗೆ ತಂದ ಕರಾರು ಕೂಲಿಗಳಿದ್ದರು. ಮೊದಲ ಹಡಗು ಹೊರಟದ್ದು ಮದರಾಸಿನಿಂದ. ಗಾಂಧೀಜಿ ಕಟ್ಟಿದ ಆಂಬುಲೆನ್ಸ್ ದಳದ ಸುಮಾರು 1,100 ಮಂದಿಯಲ್ಲಿ 800ರಷ್ಟು ಜನ ಈ ಕೂಲಿಗಳೇ. ಸ್ಪಿಯನ್ ಕೊಪ್ ಬೆಟ್ಟದಿಂದ ಗಾಯಾಳುಗಳನ್ನು ಹೊತ್ತು ಕೆಲವೊಮ್ಮೆ ದಿನಕ್ಕೆ ಇಪ್ಪತ್ತು ಮೈಲಿಗೂ ಮಿಕ್ಕಿ ಅವರು ನಡೆದರು. ತಮ್ಮ ವೈಯಕ್ತಿಕ ಸಹಾನುಭೂತಿ ಬೋಯರರ ಕಡೆಗಿದ್ದರೂ ಬ್ರಿಟಿಷ್ ಪ್ರಜೆಯೆಂದು ಹಕ್ಕು ಕೇಳುವವನು ಪ್ರಜೆಯ ಕರ್ತವ್ಯವನ್ನೂ ಮಾಡಬೇಕೆಂಬ ನಿಲುವಿನಿಂದ ಈ ಸೇವೆಗೆ ಇಳಿದೆನೆಂದು ಗಾಂಧೀಜಿ ಮುಂದೆ ಬರೆದಿದ್ದಾರೆ. ಮುತ್ತಿಗೆಗೆ ಒಳಗಾದ ಲೇಡಿಸ್ಮಿತ್‌ನಲ್ಲಿ ಪ್ರಭುಸಿಂಗ್ ಎಂಬ ಕರಾರು ಕೂಲಿಯೊಬ್ಬನಿದ್ದ. ಅವನಿಗೆ ಒಪ್ಪಿಸಿದ ಕೆಲಸ, ಮರವೇರಿ ಕುಳಿತು ಎದುರು ಬೆಟ್ಟದ ಮೇಲಿನ ಬೋಯರ್ ಫಿರಂಗಿಯನ್ನೇ ದಿಟ್ಟಿಸುತ್ತ, ಬೆಂಕಿಯ ಮಿಂಚು ಕಂಡೊಡನೆ ಗಂಟೆ ಬಾರಿಸುವುದು. ಗಂಟೆಯ ಸದ್ದಿಗೂ ಗುಂಡು ಬಂದು ಬೀಳುವುದಕ್ಕೂ ನಡುವಿನ ಕ್ಷಣಗಳಲ್ಲಿ ಊರವರು ಆಸರೆ ಹಿಡಿಯುತ್ತಿದ್ದರು. ಅವನಿಗೆ ಮಾತ್ರ ಮರದ ಮೇಲೆ ಆಸರೆಯಿರಲಿಲ್ಲ. ಈ ಸುದ್ದಿ ಭಾರತಕ್ಕೆ ಮುಟ್ಟಿ, ವೈಸರಾಯ್ ಕರ್ಜನ್ ಅವನಿಗೊಂದು ಕಾಶ್ಮೀರದ ನಿಲುವಂಗಿಯನ್ನು ಉಡುಗೊರೆಯಾಗಿ ಕಳುಹಿಸಿದ.

ಆಫ್ರಿಕನ್ನರ ಪಾಲು ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಬೋಯರ್ ಸವಾರನ ಹಿಂದೆ ಕುದುರೆ, ಬಂದೂಕು, ಅಡಿಗೆ ನೋಡಿಕೊಳ್ಳುವ ಕಪ್ಪು ಆಳು ಇರುತ್ತಿದ್ದ. ಬ್ರಿಟಿಷರ ಗಾಡಿ ಹೊಡೆದವರು, ಬೇಹು ನಡೆಸಿದವರು, ಕಾವಲು ಕಾದವರು ಅವರೇ. ಕೊನೆಕೊನೆಗೆ ಸುಮಾರು 10,000 ಮಂದಿಯ ಕೈಗೆ ಬಂದೂಕು ಕೊಟ್ಟದ್ದನ್ನು ಕಿಚನರನೇ ಒಪ್ಪಿಕೊಂಡ. 217 ದಿನಗಳ ಮಾಫೆಕಿಂಗ್ ಮುತ್ತಿಗೆಯನ್ನು ಅಲ್ಲಿನ ಬ್ರಿಟಿಷ್ ದಳಪತಿ ಬೇಡನ್-ಪೊವೆಲನ ಜಾಣ್ಮೆಯ ಕಥೆಯಾಗಿ ಹೇಳುವುದು ವಾಡಿಕೆ. ಆ ಊರಿನ ರಕ್ಷಣೆಯಲ್ಲಿ ಬಾರೊಲಾಂಗ್ ಜನರು ಬಂದೂಕು ಹಿಡಿದು ನಿಂತಿದ್ದರು, ರಾತ್ರಿಹೊತ್ತು ಶತ್ರುವಿನ ದನಗಳನ್ನು ಅಟ್ಟಿಕೊಂಡು ಬರುತ್ತಿದ್ದರು. ಆದರೆ ಧಾನ್ಯ ಹಂಚುವಾಗ ಬಿಳಿಯರಿಗೆ ಮೊದಲ ಪಾಲು, ಕಪ್ಪು ಜನರಿಗೆ ಕುದುರೆ ಮಾಂಸದ ಗಂಜಿ, ಅದಕ್ಕೂ ಕಾಸು ಕೊಡಬೇಕು. ಅಲ್ಲಿನ ನ್ಯಾಯಾಲಯದಲ್ಲಿ ದುಭಾಷಿಯಾಗಿದ್ದ ಇಪ್ಪತ್ಮೂರರ ಹರೆಯದ ಸಾಲ್ ಪ್ಲಾಟ್ಯೆ ಆ ದಿನಗಳಲ್ಲಿ ಒಂದು ದಿನಚರಿ ಬರೆದಿಟ್ಟಿದ್ದ. ಅದು ಅಚ್ಚಾಗಿ ಹೊರಬಂದದ್ದು 1973ರಲ್ಲಿ, ಅಂದರೆ ಮುತ್ತಿಗೆ ಮುಗಿದು ಎಪ್ಪತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ.

ರಾಜಧಾನಿಗಳು ಬಿದ್ದ ಮೇಲೆ ಯುದ್ಧ ಮುಗಿಯಿತೆಂದು ರಾಬರ್ಟ್ಸ್ ಭಾವಿಸಿದ. ನಿಜವಾಗಿ ಅದರ ಅತ್ಯಂತ ಕ್ರೂರ ಭಾಗ ಆಗ ಶುರುವಾಯಿತು. ಡ ವೆಟ್, ಬೋತಾ, ಡ ಲಾ ರೇ, ಸ್ಮಟ್ಸ್ ಈ ಬೋಯರ್ ದಂಡನಾಯಕರ ಕುದುರೆ ದಳಗಳು ರೈಲು ಹಳಿ ಕಿತ್ತು, ದಂಡಿನ ಸಾಮಾನು ದೋಚಿ, ಬಯಲಿನಲ್ಲಿ ಕರಗಿಹೋಗುತ್ತಿದ್ದವು. ಅವರಿಗೆ ಅನ್ನ ಮತ್ತು ಸುದ್ದಿ ಒದಗುತ್ತಿದ್ದ ಮನೆಗಳನ್ನೇ ಇಲ್ಲವಾಗಿಸುವುದು ಕಿಚನರನ ಉತ್ತರ. ಸುಮಾರು 30,000 ಬೋಯರ್ ತೋಟದ ಮನೆಗಳನ್ನು ಸುಟ್ಟರು, ಬೆಳೆಗೆ ಬೆಂಕಿಯಿಟ್ಟರು, ಕುರಿಗಳನ್ನು ಹಿಂಡುಹಿಂಡಾಗಿ ಕೊಂದರು. ಸುಮಾರು 8,000 ಕಾವಲುಗೂಡುಗಳನ್ನು ಕಟ್ಟಿ, ನಡುನಡುವೆ ಮುಳ್ಳುತಂತಿ ಎಳೆದು ದೇಶವನ್ನೇ ಚೌಕಗಳಾಗಿ ಕತ್ತರಿಸಿದರು. ಮನೆ ಕಳೆದುಕೊಂಡ ಹೆಂಗಸರು ಮಕ್ಕಳನ್ನು ರೈಲು ದಾರಿಯ ಬದಿಯ ಡೇರೆ ಶಿಬಿರಗಳಿಗೆ ತುಂಬಿದರು.

1901ರ ಜನವರಿಯಲ್ಲಿ ಎಮಿಲಿ ಹಾಬ್‌ಹೌಸ್ ಎಂಬ ಇಂಗ್ಲಿಷ್ ಮಹಿಳೆ ಬ್ಲೂಮ್‌ಫಾಂಟೇನಿನ ಶಿಬಿರಕ್ಕೆ ಬಂದಳು. ಅವಳು ಬರೆದಿಟ್ಟ ವಿವರಗಳಲ್ಲಿ ಸಾಮ್ರಾಜ್ಯದ ಮೇಲಿನ ಘೋಷಣೆಗಳಿಗಿಂತ ಹೆಚ್ಚಾಗಿ ನೀರು, ಸೌದೆ, ಹಾಲು, ಹಾಸಿಗೆಗಳ ಲೆಕ್ಕವಿದೆ. ಶಿಬಿರದಲ್ಲಿ ಸೋಪು ಇಲ್ಲವಲ್ಲ ಎಂದು ಕೇಳಿದ್ದಕ್ಕೆ ಅದು ಭೋಗದ ವಸ್ತು ಎಂಬ ಉತ್ತರ ಬಂದಿತಂತೆ. ಮೊದಲ ತಿಂಗಳುಗಳಲ್ಲಿ, ಗಂಡಸರು ಇನ್ನೂ ಕಾದಾಡುತ್ತಿದ್ದ ಕುಟುಂಬಗಳಿಗೆ ಶರಣಾದವರ ಕುಟುಂಬಗಳಿಗಿಂತ ಕಡಿಮೆ ಪಡಿತರ ಕೊಡುವ ಪದ್ಧತಿಯಿತ್ತು. ಅಪ್ಪ ಶರಣಾಗಲಿಲ್ಲವೆಂದು ಮಗುವಿನ ತಟ್ಟೆಯಲ್ಲಿ ಕೈಹಾಕುವ ಈ ಲೆಕ್ಕಾಚಾರ ಯಾವ ಸೇನಾ ಕೈಪಿಡಿಯಿಂದ ಬಂದದ್ದೋ ನಾನರಿಯೆ. ಲಿಜ್ಜಿ ವಾನ್ ಜೈಲ್ ಎಂಬ ಹುಡುಗಿ ಈ ಶಿಬಿರದಲ್ಲಿಯೇ ಎಲುಬಿನ ಹಂದರವಾಗಿ ಸತ್ತಳು, ಅವಳ ಚಿತ್ರವನ್ನು ಇಂದಿಗೂ ನೋಡುವುದು ಕಷ್ಟ. ಹಾಬ್‌ಹೌಸಳ ವರದಿ ಬಂದ ಮೇಲೆ ಲಿಬರಲ್ ಪಕ್ಷದ ನಾಯಕ ಕ್ಯಾಂಪ್‌ಬೆಲ್-ಬ್ಯಾನರ್‌ಮನ್ ಇವು ‘ಬರ್ಬರತೆಯ ವಿಧಾನಗಳು’ ಎಂದು ಬಹಿರಂಗವಾಗಿ ಹೇಳಿದ. ಅದೇ ವರ್ಷ ಅಕ್ಟೋಬರಿನಲ್ಲಿ ಅವಳು ಮತ್ತೆ ಹೋದಾಗ ಕೇಪ್‌ಟೌನಿನಲ್ಲಿ ನೆಲಕ್ಕಿಳಿಯಲೂ ಬಿಡದೆ ಹಿಂದಕ್ಕೆ ಕಳುಹಿಸಿದರು. ಆ ಹೊತ್ತಿಗೆ ಸಾವಿನ ಪ್ರಮಾಣ ವರ್ಷಕ್ಕೆ ಸಾವಿರಕ್ಕೆ ಮುನ್ನೂರನ್ನು ಮೀರಿತ್ತು. ದಡಾರ, ವಿಷಮಶೀತ ಜ್ವರ, ಭೇದಿ ಇವು ಕಾರಣಗಳು. ಕೊನೆಯ ಲೆಕ್ಕದಲ್ಲಿ ಸುಮಾರು 28,000 ಬೋಯರರು ಸತ್ತಿದ್ದರು, ಅವರಲ್ಲಿ 22,000ದಷ್ಟು ಮಂದಿ ಹದಿನಾರು ತುಂಬದ ಮಕ್ಕಳು.

ಆಡಳಿತವು ಸೇನೆಯಿಂದ ಮಿಲ್ನರನ ನಾಗರಿಕ ಅಧಿಕಾರಿಗಳ ಕೈಗೆ ಹೋದ ಮೇಲೆ ಸಾವು ಬೇಗನೆ ಇಳಿಯಿತು. ಇದಕ್ಕಾಗಿ ಭಾರತದಲ್ಲಿ ಬರಗಾಲದ ಮತ್ತು ಪ್ಲೇಗಿನ ಶಿಬಿರಗಳನ್ನು ನಡೆಸಿ ಅನುಭವವಿದ್ದ ಅಧಿಕಾರಿಗಳನ್ನು ಕರೆಸಿಕೊಂಡರು. 1898ರ ಬೆಂಗಳೂರು ಪ್ಲೇಗಿನ ಕಾಲದಲ್ಲಿ ಜನರನ್ನು ಮನೆಬಿಡಿಸಿ ಊರಾಚೆ ಇಟ್ಟ ಕಥೆಗಳನ್ನು ಹಿರಿಯರಿಂದ ಕೇಳಿದವರಿಗೆ ಈ ಕೊಂಡಿ ಹೊಸದೆನಿಸಲಾರದು. ಜನಸಮೂಹವನ್ನು ಬೇಲಿಯೊಳಗೆ ಎಣಿಸಿಡುವ ವಿದ್ಯೆಯನ್ನು ಸಾಮ್ರಾಜ್ಯ ಒಂದು ವಸಾಹತಿನಲ್ಲಿ ಕಲಿತು ಇನ್ನೊಂದರಲ್ಲಿ ಬಳಸುತ್ತಿತ್ತು.

ಕಪ್ಪು ಜನರ ಶಿಬಿರಗಳು ಬೇರೆಯೇ ಇದ್ದವು. ಬೋಯರರ ಹೊಲಗಳಲ್ಲಿದ್ದ ಕೂಲಿ ಮತ್ತು ಗೇಣಿ ಕುಟುಂಬಗಳನ್ನು ಅದೇ ಬೆಂಕಿಯಿಂದ ಎಬ್ಬಿಸಿ, 60ಕ್ಕೂ ಹೆಚ್ಚು ಶಿಬಿರಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಜನರನ್ನು ಇಟ್ಟರು. ಗಂಡಸರು ಸೇನೆಗೆ ದುಡಿಯಬೇಕು, ಹೆಂಗಸರು ಜೋಳ ಬೆಳೆಯಬೇಕು, ಆಹಾರವನ್ನು ಕೊಂಡು ಉಣ್ಣಬೇಕು ಎಂಬುದು ಅಲ್ಲಿನ ವ್ಯವಸ್ಥೆ. ದಾಖಲಾದ ಸಾವುಗಳೇ 14,000ಕ್ಕೂ ಹೆಚ್ಚು, ನಿಜ ಸಂಖ್ಯೆ 20,000 ದಾಟಿರಬೇಕೆಂದು ಇತಿಹಾಸಕಾರರ ಎಣಿಕೆ. ಈ ಶಿಬಿರಗಳಿಗೆ ಹಾಬ್‌ಹೌಸಳೂ ಹೋಗಲಿಲ್ಲ, ಲಂಡನ್ ಸರ್ಕಾರ ಕಳುಹಿಸಿದ ಮಹಿಳೆಯರ ಆಯೋಗವೂ ಹೋಗಲಿಲ್ಲ. 1913ರಲ್ಲಿ ಬ್ಲೂಮ್‌ಫಾಂಟೇನಿನಲ್ಲಿ ಬೋಯರ್ ಸ್ತ್ರೀಯರ ಸ್ಮಾರಕವನ್ನು ಅನಾವರಣ ಮಾಡುವಾಗ ಬೇರೆಯವರು ಓದಿದ ತನ್ನ ಭಾಷಣದಲ್ಲಿ ಹಾಬ್‌ಹೌಸ್ ಕಪ್ಪು ಜನರ ಸಾವನ್ನು ನೆನಪಿಸಿದಳು ಎಂಬುದನ್ನು ಅವಳ ಪರವಾಗಿ ಹೇಳಲೇಬೇಕು.

1902ರ ಮೇ ತಿಂಗಳಲ್ಲಿ 60 ಮಂದಿ ಬೋಯರ್ ಪ್ರತಿನಿಧಿಗಳು ಫರೀನಿಖಿಂಗ್‌ನಲ್ಲಿ ಸೇರಿದರು. ಅವರು ಬರೆದಿಟ್ಟ ಶರಣಾಗತಿಯ ಕಾರಣಗಳಲ್ಲಿ ಹೆಂಗಸರು ಮಕ್ಕಳ ಸಾವು ಇದೆ, ಸುಟ್ಟ ಹೊಲಗಳಿವೆ. ಕಪ್ಪು ಜನರು ಆಯುಧ ಹಿಡಿದು ತಮ್ಮ ಮೇಲೆ ಬೀಳುತ್ತಿದ್ದಾರೆ ಎಂಬುದೂ ಇದೆ. ಅದೇ ತಿಂಗಳ 6ರಂದು ಹೋಲ್‌ಕ್ರಾಂಟ್ಸ್‌ನಲ್ಲಿ, ತಮ್ಮ ದನಗಳನ್ನು ಕಳೆದುಕೊಂಡಿದ್ದ ಜುಲು ಪಡೆಯೊಂದು 56 ಬೋಯರರನ್ನು ಕೊಂದಿತ್ತು. ತಾವು ಬೆಟ್ಟದಲ್ಲಿ ಕುದುರೆಯ ಮೇಲಿರುವಾಗ ಹಿಂದೆ ಬಿಟ್ಟುಬಂದ ನೆಲವನ್ನು ಅದರ ಹಳೆಯ ಒಡೆಯರು ಮತ್ತೆ ಉಳತೊಡಗಿದ್ದಾರೆ ಎಂಬ ಅರಿವು, ಕಿಚನರನ ಸೈನ್ಯದಷ್ಟೇ ಅವರನ್ನು ಸಂಧಿಗೆ ತಳ್ಳಿತು. 54 ಮಂದಿ ಒಪ್ಪಿದರು, 6 ಮಂದಿ ಒಪ್ಪಲಿಲ್ಲ. ಮೇ 31ರ ರಾತ್ರಿ ಪ್ರಿಟೋರಿಯಾದಲ್ಲಿ ಸಹಿಯಾಯಿತು.

ಆ ಒಪ್ಪಂದದಲ್ಲಿ ಹತ್ತು ಕಲಮುಗಳಿವೆ. ಎಂಟನೆಯದರ ಮೇಲೆ ತಮ್ಮ ಗಮನ ಸೆಳೆಯುತ್ತೇನೆ. ಯುದ್ಧಕ್ಕೆ ಮುಂಚೆ ಬ್ರಿಟಿಷ್ ಮಂತ್ರಿಗಳು ಬೋಯರರು ಕಪ್ಪು ಜನರನ್ನೂ ಭಾರತೀಯರನ್ನೂ ಹಿಂಸಿಸುತ್ತಾರೆಂದು ಗುಡುಗಿದ್ದರು. ಕೇಪ್ ಕಾಲೊನಿಯಲ್ಲಿ 1853ರಿಂದಲೂ ಆಸ್ತಿಯ ಅರ್ಹತೆಯಿದ್ದ ಕಪ್ಪು ಗಂಡಸರಿಗೆ ಮತವಿತ್ತು. ಕರಡಿನಲ್ಲಿ ಮೊದಲು ಇದ್ದದ್ದು, ಗೆದ್ದ ರಾಜ್ಯಗಳಿಗೆ ಸ್ವಯಮಾಡಳಿತ ಬರುವವರೆಗೆ ಅಲ್ಲಿನ ಕಪ್ಪು ಜನರಿಗೆ ಮತಾಧಿಕಾರ ಕೊಡಲಾಗುವುದಿಲ್ಲ ಎಂದು. ಬಂದ ಮೇಲೆ ಕೊಡಬಹುದೆಂಬ ಸೂಚನೆಯಾದರೂ ಅದರಲ್ಲಿ ಉಳಿದಿತ್ತು. ಕೇಂಬ್ರಿಡ್ಜಿನಲ್ಲಿ ಕಾನೂನು ಓದಿದ್ದ ಸ್ಮಟ್ಸ್ ಅದನ್ನು ತಿದ್ದಿ, ಮತಾಧಿಕಾರ ಕೊಡಬೇಕೇ ಎಂಬ ಪ್ರಶ್ನೆಯನ್ನೇ ಸ್ವಯಮಾಡಳಿತ ಬಂದ ಮೇಲೆ ತೀರ್ಮಾನಿಸತಕ್ಕದ್ದು ಎಂದು ಮಾಡಿದ. ಸ್ವಯಮಾಡಳಿತ ಬಂದಾಗ ಮತಪೆಟ್ಟಿಗೆ ಬಿಳಿಯರ ಕೈಯಲ್ಲಿರುತ್ತದೆ, ಆಮೇಲೆ ತೀರ್ಮಾನಿಸುವವರು ಅವರೇ. ಮಿಲ್ನರ್ ಮತ್ತು ಕಿಚನರ್ ಇದಕ್ಕೆ ಒಪ್ಪಿದರು. ಎರಡೂವರೆ ವರ್ಷ, 20 ಕೋಟಿ ಪೌಂಡಿಗೂ ಮಿಕ್ಕ ಖರ್ಚು, 22,000 ಬ್ರಿಟಿಷ್ ಸೈನಿಕರ ಸಾವು ಇಷ್ಟೆಲ್ಲ ಆದ ಮೇಲೆ ಎರಡೂ ಪಕ್ಷಗಳು ಅತಿ ಸುಲಭವಾಗಿ ಕೈಕುಲುಕಿದ ವಿಷಯವೆಂದರೆ ಇದೊಂದೇ.

ಈ ಕಲಮು ಹೇಗೆ ಕೆಲಸ ಮಾಡಿತೆಂಬುದನ್ನು ಮೊದಲು ಅನುಭವಿಸಿದವರಲ್ಲಿ ಭಾರತೀಯರೂ ಇದ್ದಾರೆ. ಏಷ್ಯನ್ನರು ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ಟ್ರಾನ್ಸ್‌ವಾಲಿನ 1906ರ ಶಾಸನವನ್ನು ವಿರೋಧಿಸಿ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗಿನಲ್ಲಿ ಸಭೆ ಸೇರಿತು, ಗಾಂಧೀಜಿ ಲಂಡನ್ನಿಗೆ ಹೋದರು, ಅಲ್ಲಿನ ಸರ್ಕಾರ ಶಾಸನಕ್ಕೆ ಒಪ್ಪಿಗೆ ನಿರಾಕರಿಸಿತು. ಅಷ್ಟರಲ್ಲಿ ಟ್ರಾನ್ಸ್‌ವಾಲಿಗೆ ಸ್ವಯಮಾಡಳಿತ ಬಂತು. 1907ರಲ್ಲಿ ಬೋತಾನ ಹೊಸ ಶಾಸನಸಭೆ ಹೆಚ್ಚುಕಡಿಮೆ ಅದೇ ಶಾಸನವನ್ನು ಮತ್ತೆ ಮಾಡಿತು, ಲಂಡನ್ ಈ ಸಲ ಒಪ್ಪಿತು. ನಿನ್ನೆ ತಾನೇ ತಡೆದದ್ದನ್ನು ಇಂದು ಬಿಡುವುದಕ್ಕೆ ಅದಕ್ಕಿದ್ದ ಕಾರಣ ‘ಅದು ಅವರ ಆಂತರಿಕ ವಿಷಯ’ ಎಂಬುದು. ಗಣಿಗಳಲ್ಲಿ ಕೂಲಿ ಇಳಿಸಿದಾಗ ಕಪ್ಪು ಕಾರ್ಮಿಕರು ಬಾರದೆಹೋದರು, 1904ರಿಂದ 60,000ಕ್ಕೂ ಹೆಚ್ಚು ಚೀನಿಯರನ್ನು ಕರಾರಿನ ಮೇಲೆ ತಂದು ಚಿನ್ನ ತೆಗೆಯುವ ಕೆಲಸ ಮುಂದುವರಿಸಿದರು.

1909ರಲ್ಲಿ ನಾಲ್ಕು ವಸಾಹತುಗಳನ್ನು ಒಂದುಗೂಡಿಸುವ ಮಸೂದೆ ಲಂಡನ್ನಿನ ಪಾರ್ಲಿಮೆಂಟಿಗೆ ಬಂದಾಗ, ಕೇಪಿನ ಮಾಜಿ ಪ್ರಧಾನಿ ಡಬ್ಲ್ಯು. ಪಿ. ಶ್ರೈನರ್ ಮತ್ತು ಕಪ್ಪು ನಾಯಕರು ಅಲ್ಲಿಗೆ ಹೋಗಿ, ಪಾರ್ಲಿಮೆಂಟಿನ ಸದಸ್ಯತ್ವ ಬಿಳಿಯರಿಗೆ ಮಾತ್ರ ಎಂಬ ಕಟ್ಟಳೆಯನ್ನು ತೆಗೆಯಿರೆಂದು ಬೇಡಿದರು. ಅದನ್ನು ತೆಗೆಯಲಿಲ್ಲ. 1910ರ ಮೇ 31ರಂದು, ಸಂಧಿಯ ಎಂಟನೆಯ ವಾರ್ಷಿಕ ದಿನ, ಒಕ್ಕೂಟ ಹುಟ್ಟಿತು. ಬೋತಾ ಅದರ ಮೊದಲ ಪ್ರಧಾನಿಯಾದ. 1913ರ ಭೂ ಕಾಯಿದೆಯು ದೇಶದ ನೆಲದಲ್ಲಿ ಶೇಕಡಾ 7ರಷ್ಟನ್ನು ಮಾತ್ರ ಕಪ್ಪು ಜನರಿಗೆ ಗೊತ್ತುಮಾಡಿ, ಅದರ ಹೊರಗೆ ಅವರು ನೆಲ ಕೊಳ್ಳುವುದನ್ನು ನಿಷೇಧಿಸಿತು. ಮಾಫೆಕಿಂಗಿನ ದುಭಾಷಿ ಪ್ಲಾಟ್ಯೆ ಆಗ ಆಫ್ರಿಕನ್ನರ ರಾಷ್ಟ್ರೀಯ ಸಂಘಟನೆಯ ಕಾರ್ಯದರ್ಶಿಯಾಗಿದ್ದ. 1914ರಲ್ಲಿ ಅವನಿದ್ದ ನಿಯೋಗ ಲಂಡನ್ನಿಗೆ ಹೋಗಿ ವಸಾಹತು ಮಂತ್ರಿ ಹಾರ್ಕೋರ್ಟನನ್ನು ಕಂಡಿತು. ಬೋತಾನ ಸರ್ಕಾರದ ಮಾತನ್ನು ನಂಬುವುದಾಗಿ ಹೇಳಿ ಮಂತ್ರಿ ಅವರನ್ನು ಕಳುಹಿಸಿಕೊಟ್ಟ. ಕೆಲವೇ ವಾರಗಳಲ್ಲಿ ಮಹಾಯುದ್ಧ ಶುರುವಾಯಿತು. ಹಿಂದೆ ಬ್ರಿಟನ್ನಿನ ವಿರುದ್ಧ ಕಾದಿದ್ದ ಬೋತಾ ಮತ್ತು ಸ್ಮಟ್ಸ್ ಈಗ ಬ್ರಿಟನ್ನಿನ ಪರವಾಗಿ ಜರ್ಮನರ ನೈರುತ್ಯ ಆಫ್ರಿಕಾವನ್ನು ಗೆದ್ದುಕೊಟ್ಟರು. ನಿಯೋಗದ ಉಳಿದವರು ಊರಿಗೆ ಮರಳಿದರು. ಪ್ಲಾಟ್ಯೆ ಮಾತ್ರ 1917ರವರೆಗೆ ಇಂಗ್ಲೆಂಡಿನಲ್ಲಿಯೇ ಉಳಿದು, ಊರೂರು ತಿರುಗಿ, ಆ ಕಾಯಿದೆ ತನ್ನ ಜನರಿಗೆ ಮಾಡಿದ್ದೇನೆಂದು ಸಭೆಗಳಲ್ಲಿ ಹೇಳುತ್ತಿದ್ದ.